‘ಏಬಲ್’ ಪದದಲ್ಲಿ ಎಡವದಿರಲು: ಅರ್ಜಿ ಬರೆಯುವವರಿಗೂ ಅನುವಾದ ಮಾಡುವವರಿಗೂ ಒಂದು ಮಾರ್ಗದರ್ಶಿ

ಕೆಲಸದ ಅರ್ಜಿಯನ್ನು ಒಮ್ಮೆ ನೋಡಿಕೊಡಿ ಎಂದು ಕೊಡುವವರ ಹಾಳೆಗಳಲ್ಲಿ ಈ ಸಾಲು ಎಲ್ಲಾದರೂ ಒಂದು ಕಡೆ ಕಾದು ಕುಳಿತಿರುತ್ತದೆ: ‘ಐ ಕ್ಯಾನ್ ಏಬಲ್ ಟು ವರ್ಕ್ ಅಂಡರ್ ಪ್ರೆಶರ್.’ ಗೆರೆ ಎಳೆದರೆ ಮರುಪ್ರಶ್ನೆ ಸಿದ್ಧ. ‘ಏಬಲ್ ಎಂದರೆ ಸಾಧ್ಯ ತಾನೇ? ತಪ್ಪು ಎಲ್ಲಿದೆ?’ ಇನ್ನು ಕೆಲವರು, ‘ಏಬಲ್ ಬೇಡವೆಂದರೆ ಕೇಪಬಲ್ ಹಾಕುತ್ತೇನೆ, ಅದು ಇನ್ನೂ ತೂಕದ ಪದವಲ್ಲವೇ?’ ಎನ್ನುತ್ತಾರೆ. ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿ, ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ಈ ಪದದ ಅರ್ಥ ನಿಮಗೆ ಗೊತ್ತು. ಅದನ್ನು ಕಲಿಸಲು ಹೊರಟಿಲ್ಲ. ತೊಡಕಿರುವುದು ಬೇರೆ ಕಡೆ. ಕನ್ನಡ ಸಾಮರ್ಥ್ಯವನ್ನು ಕ್ರಿಯಾಪದದ ಬಾಲಕ್ಕೆ ಕಟ್ಟುತ್ತದೆ: ಮಾಡಬಲ್ಲೆ, ಮಾಡಲಾರೆ. ಇಂಗ್ಲಿಷಿನ ‘ಏಬಲ್’ ಹಾಗೆ ಬಾಲವಾಗುವ ಪದವಲ್ಲ. ಅದು ಗುಣವಾಚಕ, ಅಂದರೆ ಎತ್ತರ, ಕಪ್ಪು, ಒಳ್ಳೆಯ ಎಂಬಂತೆ ಗುಣ ಹೇಳುವ ಪದ. ನಾವು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ವ್ಯತ್ಯಾಸದಿಂದ ಹುಟ್ಟುತ್ತವೆ.

ಬೇಕಾದ ಸಾಮಗ್ರಿ ಕಡಿಮೆ. ಒಂದು ನೋಟ್‌ಬುಕ್, ಪೆನ್ಸಿಲ್, ಮತ್ತು ಉದಾಹರಣೆ ವಾಕ್ಯಗಳಿರುವ ಇಂಗ್ಲಿಷ್–ಇಂಗ್ಲಿಷ್ ನಿಘಂಟು. ಇಂಗ್ಲಿಷ್–ಕನ್ನಡ ನಿಘಂಟು ‘ಸಮರ್ಥ, ಶಕ್ತ, ಯೋಗ್ಯ’ ಎಂದು ಮೂರು ಪದ ಕೊಟ್ಟು ಸುಮ್ಮನಾಗುತ್ತದೆ. ಮುಂದೆ ಯಾವ ಪದ ಬರಬೇಕು ಎಂದು ಹೇಳುವುದಿಲ್ಲ. ನಮಗೆ ಬೇಕಿರುವುದು ಅದೇ. ಇವೆಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಕನ್ನಡದ ಕಿವಿ ಬೇಕು. ಮುಂದೆ ಹಲವು ಕಡೆ ಅದನ್ನೇ ಅಳತೆಗೋಲಾಗಿ ಬಳಸಲಿದ್ದೇವೆ.

ಹಂತ 1: ‘ಆಮ್, ಈಸ್, ಆರ್’ ಬಿಡಬೇಡಿ

‘ನಾನು ಸಮರ್ಥ’ ಎಂದರೆ ಕನ್ನಡದಲ್ಲಿ ವಾಕ್ಯ ಮುಗಿಯಿತು. ನಡುವೆ ‘ಇದ್ದೇನೆ’ ಬೇಕಿಲ್ಲ. ಇಂಗ್ಲಿಷ್ ಅದಕ್ಕೆ ಒಪ್ಪುವುದಿಲ್ಲ. ‘ಐ ಟಾಲ್’ ಎಂದು ಹೇಗೆ ಬರೆಯುವುದಿಲ್ಲವೋ ಹಾಗೆಯೇ ‘ಐ ಏಬಲ್ ಟು ಡ್ರೈವ್’ ಎಂದೂ ಬರೆಯುವಂತಿಲ್ಲ. ‘ಐ ಆಮ್ ಏಬಲ್ ಟು ಡ್ರೈವ್’ ಎಂದಾಗಬೇಕು. ಪ್ರಶ್ನೆ ಕೇಳುವಾಗಲೂ ಅಷ್ಟೇ: ‘ಡೂ ಯೂ ಏಬಲ್ ಟು’ ತಪ್ಪು, ‘ಆರ್ ಯೂ ಏಬಲ್ ಟು’ ಸರಿ. ಇಲ್ಲವೆನ್ನುವಾಗ ‘ಐ ಡೋಂಟ್ ಏಬಲ್’ ಎಂಬುದು ಇಲ್ಲವೇ ಇಲ್ಲ. ‘ಐ ಆಮ್ ನಾಟ್ ಏಬಲ್ ಟು’ ಎನ್ನಿ.

ಸಂಶಯ ಬಂದರೆ ‘ಏಬಲ್’ ಇರುವ ಜಾಗದಲ್ಲಿ ‘ರೆಡಿ’ ಇಟ್ಟು ಓದಿ. ‘ಡೂ ಯೂ ರೆಡಿ?’ ಎಂದು ಯಾರೂ ಕೇಳುವುದಿಲ್ಲ, ‘ಆರ್ ಯೂ ರೆಡಿ?’ ಎಂದೇ ಬಾಯಿಗೆ ಬರುತ್ತದೆ. ‘ರೆಡಿ’ ಹೊಂದುವ ಕಡೆ ‘ಏಬಲ್’ ಕೂಡ ಹೊಂದುತ್ತದೆ. ‘ಟು’ ನಂತರ ಕ್ರಿಯಾಪದದ ಮೂಲರೂಪ ಮಾತ್ರ ಬರಬೇಕು: ‘ಏಬಲ್ ಟು ಡ್ರೈವ್’ ಸರಿ, ‘ಏಬಲ್ ಟು ಡ್ರೈವಿಂಗ್’ ಅಲ್ಲ, ‘ಏಬಲ್ ಟು ಡ್ರೋವ್’ ಅಂತೂ ಅಲ್ಲವೇ ಅಲ್ಲ.

ಹಂತ 2: ‘ಕ್ಯಾನ್’ ಪಕ್ಕದಲ್ಲಿ ಕೂರಿಸಬೇಡಿ

ನಾನು ತಿದ್ದುವ ಹಾಳೆಗಳಲ್ಲಿ ಇದಕ್ಕಿಂತ ಹೆಚ್ಚು ಕಾಣಿಸಿಕೊಳ್ಳುವ ತಪ್ಪು ಇನ್ನೊಂದಿಲ್ಲ. ಇದು ಬರುವ ದಾರಿಯೂ ಸ್ಪಷ್ಟವಾಗಿದೆ. ಶಾಲೆಯಲ್ಲಿ ‘ಕ್ಯಾನ್’ ಎಂದರೆ ‘ಬಹುದು’ ಎಂದೂ ‘ಏಬಲ್’ ಎಂದರೆ ‘ಸಾಧ್ಯ’ ಎಂದೂ ಕಲಿಯುತ್ತೇವೆ. ‘ಮಾಡಲು ಸಾಧ್ಯವಾಗಬಹುದು’ ಎಂಬುದು ಒಳ್ಳೆಯ ಕನ್ನಡ. ಅದನ್ನು ಪದಕ್ಕೆ ಪದವಿಟ್ಟು ದಾಟಿಸಿದರೆ ‘ಕ್ಯಾನ್ ಏಬಲ್ ಟು’ ಹುಟ್ಟುತ್ತದೆ. ಆದರೆ ಆ ಕನ್ನಡ ವಾಕ್ಯದ ‘ಬಹುದು’ ಹೇಳುತ್ತಿರುವುದು ಸಾಮರ್ಥ್ಯವನ್ನಲ್ಲ, ಊಹೆಯನ್ನು. ಅಲ್ಲಿ ಇಂಗ್ಲಿಷಿಗೆ ಬೇಕಾದದ್ದು ‘ಮೇ’ ಅಥವಾ ‘ಮೈಟ್’: ‘ಐ ಮೈಟ್ ಬಿ ಏಬಲ್ ಟು.’

‘ಕ್ಯಾನ್’ ಮತ್ತು ‘ಏಬಲ್’ ಒಂದೇ ಹೊರೆ ಹೊರುವ ಎರಡು ಆಳುಗಳು. ಒಬ್ಬನನ್ನು ಕರೆದರೆ ಇನ್ನೊಬ್ಬನನ್ನು ಮನೆಗೆ ಕಳುಹಿಸಿ. ‘ಐ ಕ್ಯಾನ್ ವರ್ಕ್’ ಅಥವಾ ‘ಐ ಆಮ್ ಏಬಲ್ ಟು ವರ್ಕ್’. ಎರಡೂ ಸರಿ; ಮೊದಲನೆಯದು ಚಿಕ್ಕದು, ಹಾಗಾಗಿ ಸಾಮಾನ್ಯವಾಗಿ ಅದೇ ವಾಸಿ. ‘ಐ ಆಮ್ ಏಬಲ್ ಟು’ ಎಂದರೆ ಹೆಚ್ಚು ವಿದ್ಯಾವಂತರಂತೆ ಕಾಣುತ್ತೇವೆ ಎಂಬ ನಂಬಿಕೆ ನಮ್ಮಲ್ಲಿದೆ. ಹಾಗೇನೂ ಇಲ್ಲ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಾಗುತ್ತಿಲ್ಲ. ‘ಕ್ಯಾನ್’ ಪದದ ಹಳೆಯ ಇಂಗ್ಲಿಷ್ ರೂಪ ‘ಕುನ್ನನ್’. ಅದರ ಅರ್ಥ ‘ತಿಳಿ, ಅರಿ’. ಮೊದಲು ತಿಳಿವು, ಆಮೇಲೆ ಶಕ್ತಿ. ನಮ್ಮ ‘ಬಲ್ಲ’ ಪದವೂ ಇದೇ ಹಾದಿಯಲ್ಲಿ ನಡೆದಿದೆ. ‘ಬಲ್ಲವನೇ ಬಲ್ಲ ಬೆಲ್ಲದ ಸವಿಯ’ ಎನ್ನುವಾಗ ಅದು ಅರಿವು. ‘ಹತ್ತಬಲ್ಲ, ಈಜಬಲ್ಲ’ ಎನ್ನುವಾಗ ಅದೇ ಪದ ಸಾಮರ್ಥ್ಯ. ಹಾಗಾಗಿ ‘ಕ್ಯಾನ್’ಗೆ ಕನ್ನಡದಲ್ಲಿ ನಿಜವಾದ ಜೋಡಿ ‘ಬಲ್ಲ’. ‘ಬಹುದು’ ಎಂಬುದು ಅನುಮತಿ, ಊಹೆ, ಸಾಧ್ಯತೆ ಎಲ್ಲವನ್ನೂ ಹೊರುವ ಚೀಲ. ಇನ್ನು ಮುಂದೆ ‘ಕ್ಯಾನ್ = ಬಲ್ಲ’ ಎಂದು ಬರೆದಿಟ್ಟುಕೊಳ್ಳಿ. ‘ಬಲ್ಲ ಸಮರ್ಥ’ ಎಂದು ಯಾರೂ ಹೇಳುವುದಿಲ್ಲವಾದ್ದರಿಂದ ‘ಕ್ಯಾನ್ ಏಬಲ್’ ಕೂಡ ಬಾಯಿಗೆ ಬರುವುದು ನಿಲ್ಲುತ್ತದೆ.

ಹಂತ 3: ‘ಕ್ಯಾನ್’ ಹೋಗಲಾರದ ಕಡೆ ‘ಏಬಲ್’ ಕಳುಹಿಸಿ

‘ಕ್ಯಾನ್’ ಸಾಕು ಎಂದಾದರೆ ‘ಏಬಲ್’ ಏಕೆ ಬೇಕು? ‘ಕ್ಯಾನ್’ ಒಂದು ಸಹಾಯಕ ಕ್ರಿಯಾಪದ, ಅಂದರೆ ಬೇರೊಂದು ಕ್ರಿಯಾಪದಕ್ಕೆ ಊರುಗೋಲಾಗಿ ನಿಲ್ಲುವ ಪದ. ಅದಕ್ಕೆ ‘ಕುಡ್’ ಬಿಟ್ಟರೆ ಬೇರೆ ರೂಪವಿಲ್ಲ. ‘ವಿಲ್ ಕ್ಯಾನ್’ ಇಲ್ಲ, ‘ಹ್ಯಾವ್ ಕ್ಯಾನ್’ ಇಲ್ಲ. ‘ಟು ಕ್ಯಾನ್’ ಎಂದರೆ ಉಪ್ಪಿನಕಾಯಿಯನ್ನೋ ಮೀನನ್ನೋ ಡಬ್ಬಿಗೆ ತುಂಬುವುದು. ಅದು ಬೇರೆಯೇ ಪದ. ಈ ಖಾಲಿ ಜಾಗಗಳಲ್ಲೆಲ್ಲ ‘ಏಬಲ್’ ಬೇಕೇ ಬೇಕು.

ಮುಂದೆ ಆಗುವುದಕ್ಕೆ ‘ವಿಲ್ ಬಿ ಏಬಲ್ ಟು’. ಇಷ್ಟು ದಿನ ಆಗದಿರುವುದಕ್ಕೆ ‘ಹ್ಯಾವ್ ನಾಟ್ ಬೀನ್ ಏಬಲ್ ಟು’. ಆಸೆ ಹೇಳಲು ‘ಐ ವಾಂಟ್ ಟು ಬಿ ಏಬಲ್ ಟು’. ಇಲ್ಲಿ ಎರಡು ಸಲ ‘ಟು’ ಬಂದದ್ದಕ್ಕೆ ಗಾಬರಿಯಾಗಬೇಡಿ, ಎರಡೂ ಬೇಕು. ಹುಷಾರಾಗಿರಬೇಕಾದದ್ದು ‘ಬಿ’ ಬಗ್ಗೆ: ‘ಐ ವಿಲ್ ಏಬಲ್ ಟು ಜಾಯಿನ್’ ಎಂದು ಬರೆಯುವವರು ಬಹಳ. ಹಂತ 1ರ ‘ಆಮ್, ಈಸ್, ಆರ್’ ಇಲ್ಲಿ ‘ಬಿ’ ವೇಷದಲ್ಲಿ ಬಂದಿದೆ ಎಂದುಕೊಳ್ಳಿ.

ವಿನಯದಿಂದ ಕೇಳುವಾಗಲೂ ಈ ಪದ ಕೈಹಿಡಿಯುತ್ತದೆ. ‘ಕ್ಯಾನ್ ಯೂ ಕಮ್ ಟುಮಾರೋ?’ ಎಂದರೆ ‘ನಾಳೆ ಬರುತ್ತೀರಾ?’ ಎಂದಷ್ಟೇ. ‘ವುಡ್ ಯೂ ಬಿ ಏಬಲ್ ಟು ಕಮ್ ಟುಮಾರೋ?’ ಎಂದರೆ ‘ನಾಳೆ ಬರಲು ಆದೀತೇ?’ ಎಂಬ ಧಾಟಿ. ನಮ್ಮ ‘ಆದೀತು, ಬಂದಾರು, ಕೊಟ್ಟಾನು’ ಎಂಬ ಸಂಭಾವನಾರ್ಥಕ ರೂಪಗಳಲ್ಲಿ, ಅಂದರೆ ಊಹೆಯನ್ನು ಹೇಳುವ ರೂಪಗಳಲ್ಲಿ, ಇರುವ ಮೆದುತನ ಇಂಗ್ಲಿಷಿನಲ್ಲಿ ಹೀಗೆ ಬರುತ್ತದೆ. ಹಿರಿಯ ಅಧಿಕಾರಿಗೆ ಪತ್ರ ಬರೆಯುವಾಗ ಇದನ್ನು ಬಳಸಿ.

ಹಂತ 4: ನಡೆದುಹೋದ ಕೆಲಸಕ್ಕೆ ‘ಕುಡ್’ ಹಾಕುವ ಮುನ್ನ ನಿಲ್ಲಿ

ಇದು ಸ್ವಲ್ಪ ನಿಧಾನವಾಗಿ ಓದಬೇಕಾದ ಭಾಗ. ಇಂಗ್ಲಿಷ್ ಚೆನ್ನಾಗಿ ಬಲ್ಲವರೂ ಇಲ್ಲಿ ಜಾರುತ್ತಾರೆ.

ಬಸ್ ಹೊರಟಿತ್ತು, ನೀವು ಓಡಿದಿರಿ, ಹತ್ತಿದಿರಿ. ಇದನ್ನು ‘ಐ ರ್‍ಯಾನ್ ಅಂಡ್ ಐ ಕುಡ್ ಕ್ಯಾಚ್ ದ ಬಸ್’ ಎಂದು ಬರೆದರೆ ಇಂಗ್ಲಿಷ್ ಕಿವಿಗೆ ತಟ್ಟುತ್ತದೆ. ‘ಕುಡ್’ ಎನ್ನುವುದು ಹಿಂದೆ ಇದ್ದ ಶಕ್ತಿಯನ್ನು ಹೇಳುತ್ತದೆ. ಆ ಶಕ್ತಿ ಆ ದಿನ ಆ ಗಳಿಗೆಯಲ್ಲಿ ಫಲ ಕೊಟ್ಟಿತೇ ಎಂದು ಹೇಳುವುದಿಲ್ಲ. ಫಲ ಸಿಕ್ಕಿತು ಎನ್ನಲು ‘ವಾಸ್ ಏಬಲ್ ಟು’ ಬೇಕು: ‘ಐ ವಾಸ್ ಏಬಲ್ ಟು ಕ್ಯಾಚ್ ದ ಬಸ್.’ ಕಷ್ಟಪಟ್ಟು, ಹೇಗೋ ಮಾಡಿ ಎಂಬ ಭಾವ ಬೇಕಿದ್ದರೆ ‘ಮ್ಯಾನೇಜ್ಡ್ ಟು’.

ಈ ವ್ಯತ್ಯಾಸವನ್ನು ಇಂಗ್ಲಿಷ್ ವ್ಯಾಕರಣದ ಪುಸ್ತಕಗಳು ಪುಟಗಟ್ಟಲೆ ವಿವರಿಸುತ್ತವೆ. ಕನ್ನಡಿಗರಿಗೆ ಅಷ್ಟು ದೂರ ಹೋಗಬೇಕಿಲ್ಲ. ನಮ್ಮ ಭಾಷೆಯಲ್ಲಿ ‘ಆಗುತ್ತಿತ್ತು’ ಬೇರೆ, ‘ಆಯಿತು’ ಬೇರೆ. ನೀವು ಹೇಳಹೊರಟ ಮಾತನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ.

‘ಚಿಕ್ಕಂದಿನಲ್ಲಿ ನನಗೆ ತೆಂಗಿನ ಮರ ಹತ್ತಲು ಆಗುತ್ತಿತ್ತು.’ ಅಥವಾ ‘ಬರುತ್ತಿತ್ತು.’ ಇದಕ್ಕೆ ‘ಕುಡ್’: ‘ಐ ಕುಡ್ ಕ್ಲೈಂಬ್.’

‘ನಿನ್ನೆ ಏಣಿ ಸಿಕ್ಕಿದ್ದರಿಂದ ಮರ ಹತ್ತಲು ಆಯಿತು.’ ಇದಕ್ಕೆ ‘ವಾಸ್ ಏಬಲ್ ಟು’: ‘ಐ ವಾಸ್ ಏಬಲ್ ಟು ಕ್ಲೈಂಬ್.’

‘ನಿನ್ನೆ ಎಷ್ಟು ಒದ್ದಾಡಿದರೂ ಹತ್ತಲು ಆಗಲಿಲ್ಲ.’ ಇದಕ್ಕೆ ‘ಕುಡಂಟ್’ ಆದರೂ ನಡೆದೀತು, ‘ವಾಸ್ ನಾಟ್ ಏಬಲ್ ಟು’ ಆದರೂ ನಡೆದೀತು. ಇಲ್ಲವೆನ್ನುವ ಕಡೆ ಇಂಗ್ಲಿಷ್ ಈ ಭೇದವನ್ನು ಬಿಟ್ಟುಬಿಡುತ್ತದೆ.

‘ಹತ್ತಬಹುದಾಗಿತ್ತು, ಹತ್ತಲಿಲ್ಲ.’ ಇದಕ್ಕೆ ‘ಕುಡ್ ಹ್ಯಾವ್ ಕ್ಲೈಂಬ್ಡ್’. ಶಕ್ತಿಯಿತ್ತು, ಅವಕಾಶವಿತ್ತು, ಮಾಡಲಿಲ್ಲ.

ಸಂದರ್ಶನದಲ್ಲಿ ಇದು ಎಷ್ಟು ದುಬಾರಿಯಾಗಬಹುದು ನೋಡಿ. ‘ಹಿಂದಿನ ಕೆಲಸದಲ್ಲಿ ಏನು ಸಾಧಿಸಿದಿರಿ?’ ಎಂದು ಕೇಳಿದಾಗ ‘ಐ ಕುಡ್ ಕಂಪ್ಲೀಟ್ ದ ಪ್ರಾಜೆಕ್ಟ್ ಇನ್ ತ್ರೀ ಮಂತ್ಸ್’ ಎಂದರೆ, ಕೇಳಿದವರಿಗೆ ‘ಮೂರು ತಿಂಗಳಲ್ಲಿ ಮುಗಿಸುವ ಶಕ್ತಿ ನನಗಿತ್ತು’ ಎಂದೋ, ‘ಬೇಕಿದ್ದರೆ ಮೂರು ತಿಂಗಳಲ್ಲಿ ಮುಗಿಸಿಯೇನು’ ಎಂದೋ ಕೇಳಿಸಬಹುದು. ನೀವು ಮುಗಿಸಿದ್ದೀರಿ! ‘ಐ ವಾಸ್ ಏಬಲ್ ಟು ಕಂಪ್ಲೀಟ್’ ಎನ್ನಿ. ಇನ್ನೂ ಒಳ್ಳೆಯದು ‘ಐ ಕಂಪ್ಲೀಟೆಡ್’. ಮಾಡಿದ ಕೆಲಸಕ್ಕೆ ಸಾಮರ್ಥ್ಯದ ಮುಸುಕು ಏಕೆ?

ಒಂದು ವಿನಾಯಿತಿ ಇದೆ. ನೋಡುವುದು, ಕೇಳಿಸುವುದು, ವಾಸನೆ, ಅರ್ಥವಾಗುವುದು ಇಂಥ ಕ್ರಿಯೆಗಳಿಗೆ ಒಂದೇ ಸಲ ಆದದ್ದಾದರೂ ‘ಕುಡ್’ ಸಲ್ಲುತ್ತದೆ. ‘ಐ ಕುಡ್ ಸೀ ದ ಹಿಲ್’, ‘ಐ ಕುಡ್ ಹಿಯರ್ ದ ಬೆಲ್’. ಕನ್ನಡದಲ್ಲಿಯೂ ನಾವು ‘ಬೆಟ್ಟ ನೋಡಲು ಸಾಧ್ಯವಾಯಿತು’ ಎನ್ನುವುದಿಲ್ಲವಲ್ಲ, ‘ಬೆಟ್ಟ ಕಾಣುತ್ತಿತ್ತು’ ಎನ್ನುತ್ತೇವೆ. ಅದೇ ಲೆಕ್ಕ.

ಹಂತ 5: ಮಾಡುವವನು ಯಾರು ಎಂದು ಕೇಳಿಕೊಳ್ಳಿ

ಕಚೇರಿಯ ಇಮೇಲ್‌ಗಳಲ್ಲಿ ಬರುವ ಒಂದು ವಾಕ್ಯ: ‘ದ ಫೈಲ್ ಈಸ್ ನಾಟ್ ಏಬಲ್ ಟು ಓಪನ್.’ ಫೈಲಿಗೆ ಶಕ್ತಿ ಸಾಲದು, ಪಾಪ, ಎಷ್ಟು ಪ್ರಯತ್ನಪಟ್ಟರೂ ಏನನ್ನೂ ತೆರೆಯಲು ಅದರಿಂದ ಆಗುತ್ತಿಲ್ಲ ಎಂಬ ಅರ್ಥ ಬರುತ್ತದೆ.

ತಪ್ಪಿನ ಬೇರು ಮತ್ತೆ ನಮ್ಮ ಒಳ್ಳೆಯ ಕನ್ನಡದಲ್ಲಿಯೇ ಇದೆ. ‘ಫೈಲ್ ತೆರೆಯಲು ಆಗುತ್ತಿಲ್ಲ’ ಎಂಬ ವಾಕ್ಯದಲ್ಲಿ ‘ನನಗೆ’ ಎಂಬ ಪದ ಅಡಗಿದೆ. ಕನ್ನಡ ಅದನ್ನು ಬಿಟ್ಟರೂ ಅರ್ಥ ಕೆಡುವುದಿಲ್ಲ. ಇಂಗ್ಲಿಷಿಗೆ ದಾಟಿಸುವಾಗ ಮುಂದೆ ಉಳಿದ ‘ಫೈಲ್’ ಪದವನ್ನೇ ಕರ್ತೃ, ಅಂದರೆ ಕೆಲಸ ಮಾಡುವವನು, ಎಂದು ಎತ್ತಿ ಕೂರಿಸಿಬಿಡುತ್ತೇವೆ. ಅಡಗಿದ ‘ನನಗೆ’ಯನ್ನು ಹೊರಗೆ ಕರೆಯಿರಿ: ‘ಐ ಆಮ್ ನಾಟ್ ಏಬಲ್ ಟು ಓಪನ್ ದ ಫೈಲ್’ ಅಥವಾ ‘ಐ ಕಾಂಟ್ ಓಪನ್ ದ ಫೈಲ್’. ಬಾಗಿಲು ಬಿಗಿದುಕೊಂಡಿದ್ದರೆ ‘ದ ಡೋರ್ ವೋಂಟ್ ಓಪನ್’ ಎನ್ನುವುದು ಅವರ ರೂಢಿ. ಬಾಗಿಲು ಒಲ್ಲೆ ಎನ್ನುತ್ತಿದೆ ಎಂಬಂತೆ. ನಮ್ಮಲ್ಲೂ ‘ಗಾಡಿ ಸ್ಟಾರ್ಟ್ ಆಗಲೊಲ್ಲದು’ ಎನ್ನುವವರಿದ್ದಾರೆ.

‘ನನಗೆ’ ಎಂಬುದನ್ನು ‘ಟು ಮಿ’ ಎಂದು ಬರೆಯುವ ಅಪಾಯವೂ ಇದೆ. ಕನ್ನಡದಲ್ಲಿ ಸಾಮರ್ಥ್ಯ ನಮ್ಮ ಬಳಿಗೆ ಬರುತ್ತದೆ: ನನಗೆ ಈಜು ಬರುತ್ತದೆ, ಅವಳಿಗೆ ತಮಿಳು ಬರುತ್ತದೆ, ನನ್ನಿಂದ ಆಗುತ್ತದೆ. ಇಂಗ್ಲಿಷಿನಲ್ಲಿ ಮನುಷ್ಯನೇ ಮುಂದೆ ನಿಂತು ‘ಐ ಆಮ್ ಏಬಲ್’ ಎನ್ನಬೇಕು. ಇದೇ ಹಂತದ ಇನ್ನೊಂದು ಎಚ್ಚರಿಕೆ: ‘ದ ವರ್ಕ್ ವಾಸ್ ಏಬಲ್ ಟು ಬಿ ಫಿನಿಶ್ಡ್’ ಎಂಬಂಥ ಕರ್ಮಣಿ ವಾಕ್ಯಗಳನ್ನು, ಅಂದರೆ ಮಾಡಿದವರನ್ನು ಹಿಂದೆ ತಳ್ಳಿ ಆದ ಕೆಲಸವನ್ನು ಮುಂದೆ ತರುವ ವಾಕ್ಯಗಳನ್ನು, ‘ಏಬಲ್’ ಜೊತೆ ಕಟ್ಟಬೇಡಿ. ಎಳೆದಾಡಿದಂತೆ ಕಾಣುತ್ತದೆ. ‘ವಿ ವರ್ ಏಬಲ್ ಟು ಫಿನಿಶ್ ದ ವರ್ಕ್’ ಎಂದರೆ ಮುಗಿಯಿತು.

ಹಂತ 6: ‘ಕೇಪಬಲ್’ ಬೇಕಾದರೆ ‘ಆಫ್’ ತನ್ನಿ

‘ಏಬಲ್’ ಹಿಂದೆ ‘ಟು’, ‘ಕೇಪಬಲ್’ ಹಿಂದೆ ‘ಆಫ್’. ‘ಆಫ್’ ನಂತರ ನಾಮಪದ ಅಥವಾ ‘ಇಂಗ್’ ಕೊನೆಯ ರೂಪ. ‘ಏಬಲ್ ಟು ಲೀಡ್’, ‘ಕೇಪಬಲ್ ಆಫ್ ಲೀಡಿಂಗ್’. ಇವನ್ನು ಅದಲುಬದಲು ಮಾಡಿ ‘ಕೇಪಬಲ್ ಟು ಲೀಡ್’ ಎಂದು ಬರೆಯುವುದು ಅರ್ಜಿಗಳಲ್ಲಿ ಎರಡನೆಯ ದೊಡ್ಡ ತಪ್ಪು.

ಅರ್ಥದಲ್ಲಿ ಏನು ವ್ಯತ್ಯಾಸ? ಎರಡರ ಬೇರುಗಳನ್ನು ನೋಡಿದರೆ ನೆನಪಿನಲ್ಲಿ ಉಳಿಯುತ್ತದೆ. ‘ಏಬಲ್’ ಬಂದದ್ದು ಲ್ಯಾಟಿನ್ನಿನ ‘ಹ್ಯಾಬಿಲಿಸ್’ ಪದದಿಂದ, ಹಳೆಯ ಫ್ರೆಂಚಿನ ಮೂಲಕ. ಅದರ ಅರ್ಥ ಕೈಗೆ ಹದವಾಗಿ ಒದಗುವಂಥದ್ದು. ಟಾಂಜಾನಿಯಾದ ಓಲ್ಡುವಾಯಿ ಕಮರಿಯಲ್ಲಿ ಸಿಕ್ಕ ಆದಿಮಾನವನ ಪಳೆಯುಳಿಕೆಗಳಿಗೆ 1964ರಲ್ಲಿ ‘ಹೋಮೋ ಹ್ಯಾಬಿಲಿಸ್’ ಎಂದು ಹೆಸರಿಟ್ಟರು. ಕಲ್ಲಿನ ಹತಾರ ಮಾಡಬಲ್ಲ, ಕೈ ಪಳಗಿದ ಮನುಷ್ಯ ಎಂಬ ಅರ್ಥದಲ್ಲಿ. ‘ಕೇಪಬಲ್’ ಬಂದದ್ದು ‘ಹಿಡಿ, ತೆಗೆದುಕೋ’ ಎಂಬರ್ಥದ ‘ಕಾಪೆರೆ’ ಧಾತುವಿನಿಂದ. ‘ಕೆಪ್ಯಾಸಿಟಿ’ಯೂ ಅದೇ ಕುಲ. ಪಾತ್ರೆಯೊಂದು ಎಷ್ಟು ಹಿಡಿಯುತ್ತದೆ ಎನ್ನುವಂತೆ, ಈ ವ್ಯಕ್ತಿಯ ಒಳಗೆ ಎಷ್ಟು ಹಿಡಿದಿದೆ ಎಂಬ ಲೆಕ್ಕ.

ಹಾಗಾಗಿ ಇವತ್ತು, ಈ ಸಂದರ್ಭದಲ್ಲಿ ಆಗುತ್ತದೆಯೇ ಎಂಬುದಕ್ಕೆ ‘ಏಬಲ್’ ಹೆಚ್ಚು ಹೊಂದುತ್ತದೆ. ಒಳಗೆ ಆ ತ್ರಾಣ ಇದೆಯೇ, ಬೇಕಾದಾಗ ಹೊರಬರುತ್ತದೆಯೇ ಎಂಬುದಕ್ಕೆ ‘ಕೇಪಬಲ್’. ‘ಷಿ ಈಸ್ ಕೇಪಬಲ್ ಆಫ್ ರನ್ನಿಂಗ್ ದ ಸ್ಕೂಲ್, ಬಟ್ ಷಿ ಈಸ್ ನಾಟ್ ಏಬಲ್ ಟು ಕಮ್ ದಿಸ್ ಇಯರ್’: ಶಾಲೆಯನ್ನು ನಡೆಸುವ ತಾಕತ್ತು ಆಕೆಗಿದೆ, ಆದರೆ ಈ ವರ್ಷ ಬರಲು ಆಗುತ್ತಿಲ್ಲ. ಜಾಗ ಅದಲುಬದಲು ಮಾಡಿದರೆ ವಾಕ್ಯ ಕುಂಟುತ್ತದೆ. ನಿರ್ಜೀವ ವಸ್ತುಗಳಿಗೂ ‘ಕೇಪಬಲ್’ ಒಗ್ಗುತ್ತದೆ: ಐನೂರು ಜನ ಹಿಡಿಸುವ ಸಭಾಂಗಣ, ಎರಡು ರೀತಿ ಅರ್ಥೈಸಬಹುದಾದ ಕಾನೂನಿನ ವಾಕ್ಯ.

ಒಂದು ಎಚ್ಚರಿಕೆ. ‘ಕೇಪಬಲ್ ಆಫ್’ ಕೆಟ್ಟದ್ದಕ್ಕೂ ಸಲ್ಲುತ್ತದೆ. ‘ಹಿ ಈಸ್ ಕೇಪಬಲ್ ಆಫ್ ಎನಿಥಿಂಗ್’ ಎಂದು ಶಿಫಾರಸು ಪತ್ರದಲ್ಲಿ ಬರೆದರೆ ‘ಇವನು ಯಾವುದಕ್ಕೂ ಹೇಸುವವನಲ್ಲ’ ಎಂದು ಓದಿಕೊಳ್ಳುವವರಿದ್ದಾರೆ. ಶಿಷ್ಯನಿಗೆ ಒಳ್ಳೆಯದು ಮಾಡಲು ಹೊರಟ ಗುರು ಅವನನ್ನು ಠಾಣೆಯ ಮೆಟ್ಟಿಲ ತನಕ ಕರೆದೊಯ್ದಂತಾಗುತ್ತದೆ.

ಹಂತ 7: ಇಲ್ಲವೆನ್ನುವ ಮೂರು ಪದಗಳನ್ನು ಬೆರೆಸಬೇಡಿ

‘ಅನೇಬಲ್’ ಎಂದರೆ ಈಗ, ಈ ಕಾರಣಕ್ಕೆ ಆಗುತ್ತಿಲ್ಲ. ರಜೆ ಅರ್ಜಿಯ ಪದ ಇದು: ‘ಐ ಆಮ್ ಅನೇಬಲ್ ಟು ಅಟೆಂಡ್.’ ‘ಇನ್‌ಕೇಪಬಲ್’ ಎಂದರೆ ಸ್ವಭಾವದಲ್ಲಿಯೇ ಅದಿಲ್ಲ. ‘ಐ ಆಮ್ ಇನ್‌ಕೇಪಬಲ್ ಆಫ್ ಅಟೆಂಡಿಂಗ್’ ಎಂದು ಬರೆದರೆ ಮುಖ್ಯೋಪಾಧ್ಯಾಯರು ನಗುತ್ತಾರೆ. ಮೊದಲನೆಯದನ್ನು ನಾಮಪದದ ಮುಂದೆ ಇಡುವಂತಿಲ್ಲ; ‘ಆನ್ ಅನೇಬಲ್ ಮ್ಯಾನ್’ ಇಲ್ಲ. ನಾಮಪದ ಮಾಡುವಾಗ ಇಂಗ್ಲಿಷ್ ತನ್ನ ದಾರಿ ತಾನೇ ತಪ್ಪಿದೆ: ‘ಅನೇಬಲ್’ ಸರಿ, ಆದರೆ ‘ಅನೆಬಿಲಿಟಿ’ ಇಲ್ಲ, ‘ಇನೆಬಿಲಿಟಿ’. ಕಾರಣ ಕೇಳದೆ ಬಾಯಿಪಾಠ ಮಾಡಿ.

‘ಡಿಸೇಬಲ್ಡ್’ ಪದವನ್ನು ಸಾಮಾನ್ಯ ಅಸಾಧ್ಯತೆಗೆ ಬಳಸಬಾರದು. ಅದು ಯಂತ್ರಕ್ಕೆ ಬಂದಾಗ ನಿಷ್ಕ್ರಿಯಗೊಳಿಸಿದ್ದು. ಮೊಬೈಲಿನ ಕನ್ನಡ ಆಯ್ಕೆಗಳಲ್ಲಿ ಕಾಣುವ ‘ಸಕ್ರಿಯಗೊಳಿಸಿ, ನಿಷ್ಕ್ರಿಯಗೊಳಿಸಿ’ ಎಂಬುವು ‘ಎನೇಬಲ್, ಡಿಸೇಬಲ್’ಗೆ ಬಂದ ಅನುವಾದಗಳು. ಮನುಷ್ಯರ ವಿಷಯದಲ್ಲಿ ಅದಕ್ಕೆ ಕಾನೂನಿನ ಅರ್ಥವಿದೆ. ನಮ್ಮ ದೇಶದ 1995ರ ಕಾಯ್ದೆ ಏಳು ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿತ್ತು. ಅದರ ಜಾಗಕ್ಕೆ ಬಂದ 2016ರ ಕಾಯ್ದೆ ಇಪ್ಪತ್ತೊಂದನ್ನು ಗುರುತಿಸುತ್ತದೆ. ಆ ಕಾಯ್ದೆಯ ಇಂಗ್ಲಿಷ್ ಹೆಸರಿನಲ್ಲಿರುವುದು ‘ಪರ್ಸನ್ಸ್ ವಿತ್ ಡಿಸೆಬಿಲಿಟೀಸ್’. ಮೊದಲು ವ್ಯಕ್ತಿ, ಆಮೇಲೆ ಸ್ಥಿತಿ. ಅಧಿಕೃತ ಬರಹದಲ್ಲಿ ಇದನ್ನೇ ಬಳಸಿ. ‘ಡಿಫರೆಂಟ್ಲಿ ಏಬಲ್ಡ್’ ಸೌಜನ್ಯದ ಪದವೆಂದು ಹಲವರು ಬಳಸುತ್ತಾರೆ, ಆದರೆ ಯಾರಿಗಾಗಿ ಆ ಪದ ಮಾಡಲಾಯಿತೋ ಅವರಲ್ಲೇ ಅನೇಕರಿಗೆ ಅದು ಇಷ್ಟವಿಲ್ಲ. ಕನ್ನಡದಲ್ಲಿ ಸರ್ಕಾರದ ಕಡತಗಳು ‘ವಿಕಲಚೇತನ’ ಎನ್ನುತ್ತವೆ. ನನಗೆ ಆ ಪದದ ಬಗ್ಗೆ ತಕರಾರಿದೆ, ವಿಕಲವಾದದ್ದು ಚೇತನವಲ್ಲವಲ್ಲ; ಆದರೂ ಅರ್ಜಿಯಲ್ಲಿ ಇಲಾಖೆ ಬಳಸುವ ಪದವನ್ನೇ ಬರೆಯಿರಿ.

‘ರೀಹ್ಯಾಬಿಲಿಟೇಷನ್’ ಕೂಡ ಆ ‘ಹ್ಯಾಬಿಲಿಸ್’ ವಂಶದ್ದೇ, ಮತ್ತೆ ಶಕ್ತನನ್ನಾಗಿ ಮಾಡುವುದು ಎಂದರ್ಥ. ನಾವು ಅದಕ್ಕೆ ‘ಪುನರ್ವಸತಿ’ ಎಂದು ಬಿಟ್ಟೆವು. ಅಣೆಕಟ್ಟಿನಲ್ಲಿ ಊರು ಮುಳುಗಿದವರಿಗೆ ಆ ಪದ ಸರಿ. ಪಾರ್ಶ್ವವಾಯುವಿನಿಂದ ಚೇತರಿಸಿಕೊಳ್ಳುತ್ತಿರುವವನಿಗೆ ‘ಪುನಶ್ಚೇತನ’ ಹೆಚ್ಚು ಹೊಂದುತ್ತದೆ.

ಹಂತ 8: ಹೆಸರಿನ ಮುಂದೆ ಬಂದಾಗ ಅದು ಹೊಗಳಿಕೆ

‘ಟು’ ಇಲ್ಲದೆ ನೇರವಾಗಿ ನಾಮಪದದ ಮುಂದೆ ಕುಳಿತರೆ ‘ಏಬಲ್’ನ ಬಣ್ಣವೇ ಬದಲಾಗುತ್ತದೆ. ‘ಆನ್ ಏಬಲ್ ಅಡ್ಮಿನಿಸ್ಟ್ರೇಟರ್’ ಎಂದರೆ ಆಡಳಿತ ಮಾಡಲು ಆಗುವವನು ಎಂದಲ್ಲ, ದಕ್ಷ ಆಡಳಿತಗಾರ. 1912ರಿಂದ 1918ರ ತನಕ ಮೈಸೂರಿನ ದಿವಾನರಾಗಿದ್ದ ವಿಶ್ವೇಶ್ವರಯ್ಯ, 1926ರಿಂದ 1941ರ ತನಕ ಆ ಸ್ಥಾನದಲ್ಲಿದ್ದ ಮಿರ್ಜಾ ಇಸ್ಮಾಯಿಲ್ ಇಂಥವರಿಗೆ ಈ ವಿಶೇಷಣ ಒಪ್ಪುತ್ತದೆ. ಎಲ್ಲ ವಾರ್ಷಿಕ ವರದಿಗಳಲ್ಲೂ ‘ಅಂಡರ್ ದ ಏಬಲ್ ಗೈಡೆನ್ಸ್ ಆಫ್’ ಎಂದು ಬರೆದು ಬರೆದು ಅದರ ಕಸುವು ಇಳಿದಿದೆ. ನಿಮ್ಮ ಪ್ರಾಜೆಕ್ಟ್ ವರದಿಯಲ್ಲಿ ಅದನ್ನು ಬಿಟ್ಟರೆ ಮಾರ್ಗದರ್ಶಕರು ಬೇಸರಿಸಿಕೊಳ್ಳಲಾರರು.

ಪಕ್ಕದ ಮನೆಯ ‘ಕಾಂಪಿಟೆಂಟ್’ ಬಗ್ಗೆಯೂ ಎರಡು ಮಾತು. ಕಾನೂನಿನಲ್ಲಿ ಅದು ಭಾರವಾದ ಪದ. ‘ಕಾಂಪಿಟೆಂಟ್ ಅಥಾರಿಟಿ’ ಎಂದರೆ ‘ಸಕ್ಷಮ ಪ್ರಾಧಿಕಾರ’. ಜಾಣ ಅಧಿಕಾರಿ ಎಂದಲ್ಲ, ಆ ವಿಷಯದಲ್ಲಿ ಆದೇಶ ಹೊರಡಿಸಲು ಕಾನೂನು ಹಕ್ಕು ಕೊಟ್ಟಿರುವ ಅಧಿಕಾರಿ. 1872ರ ಭಾರತೀಯ ಕರಾರು ಕಾಯ್ದೆಯ 11ನೆಯ ಕಲಂ ಯಾರು ಕರಾರು ಮಾಡಿಕೊಳ್ಳಲು ‘ಕಾಂಪಿಟೆಂಟ್’ ಎಂದು ಹೇಳುತ್ತದೆ: ಪ್ರಾಪ್ತ ವಯಸ್ಸಿನವರು, ಸ್ವಸ್ಥ ಮನಸ್ಸಿನವರು, ಕಾನೂನು ಅನರ್ಹಗೊಳಿಸದವರು. ಹದಿನೇಳು ವರ್ಷದ ಪ್ರಚಂಡ ಬುದ್ಧಿವಂತನೂ ಇದರ ಪ್ರಕಾರ ‘ಕಾಂಪಿಟೆಂಟ್’ ಅಲ್ಲ. ದಿನಬಳಕೆಯಲ್ಲಾದರೋ ‘ಎ ಕಾಂಪಿಟೆಂಟ್ ಸಿಂಗರ್’ ಎಂದರೆ ‘ಪರವಾಗಿಲ್ಲ, ಹಾಡುತ್ತಾರೆ’ ಎಂಬಷ್ಟೇ. ಮೆಚ್ಚಿ ಬರೆಯುವ ಕಡೆ ಅದನ್ನು ಹಾಕಬೇಡಿ.

ಹಂತ 9: ಬಾಯಿಬಿಟ್ಟು ಹೇಳಿ

ಬಿಡಿಯಾಗಿ ನಿಂತಾಗ ‘ಏಬಲ್’, ಬೇರೆ ಪದದ ಬಾಲವಾದಾಗ ಸ್ವರ ಕುಗ್ಗಿದ ‘ಅಬಲ್’. ನಾವು ‘ವೆಜಿಟೇಬಲ್’, ‘ಕಂಫರ್ಟೇಬಲ್’ ಎಂದು ಮೇಜು ಎಳೆದಂತೆ ಎಳೆಯುತ್ತೇವೆ. ‘ವೆಜ್‌ಟಬಲ್’, ‘ಕಂಫ್ಟಬಲ್’ ಎನ್ನುವುದು ಸರಿಯಾದ ಉಚ್ಚಾರಣೆಗೆ ಹತ್ತಿರ. ‘ಕೇಪಬಲ್’ನಲ್ಲಿ ಒತ್ತು ಮೊದಲ ‘ಕೇ’ ಮೇಲೆ. ಇಷ್ಟು ಸಾಕು.

ಹಂತ 10: ಕನ್ನಡಕ್ಕೆ ತರುವಾಗ ‘ಸಾಧ್ಯವಾಗುತ್ತದೆ’ಯನ್ನು ಅಳಿಸಿ ನೋಡಿ

ಈಚೆಗೆ ಆ್ಯಪ್‌ಗಳ, ಬ್ಯಾಂಕ್ ಸಂದೇಶಗಳ ಅನುವಾದದಲ್ಲಿ ತೊಡಗಿರುವವರು ಬಹಳ ಜನ ಇರುವುದರಿಂದ ಇದನ್ನೂ ಸೇರಿಸುತ್ತಿದ್ದೇನೆ. ‘ಯೂ ವಿಲ್ ಬಿ ಏಬಲ್ ಟು ಸೀ ಯುವರ್ ಬ್ಯಾಲೆನ್ಸ್’ ಎಂಬುದನ್ನು ‘ನಿಮ್ಮ ಬಾಕಿ ಮೊತ್ತವನ್ನು ನೋಡಲು ನಿಮಗೆ ಸಾಧ್ಯವಾಗುತ್ತದೆ’ ಎಂದು ಬರೆದರೆ ವ್ಯಾಕರಣ ಸರಿ, ಕನ್ನಡ ಸೊರಗಿತು. ‘ನಿಮ್ಮ ಖಾತೆಯಲ್ಲಿರುವ ಹಣ ಇಲ್ಲಿ ಕಾಣುತ್ತದೆ.’ ಸಾಕಲ್ಲವೇ? ‘ಅವನು ಓದಲು ಸಮರ್ಥನಾಗಿದ್ದಾನೆ’ ಎಂಬುದರ ಬದಲು ‘ಅವನಿಗೆ ಓದು ಬರುತ್ತದೆ’, ‘ಅವನು ಓದಬಲ್ಲ’.

ಕನ್ನಡದ ಬಳಿ ಇರುವ ಆಯ್ಕೆಗಳನ್ನು ಎಣಿಸಿ ನೋಡಿ. ಕಲಿತ ವಿದ್ಯೆಗೆ ‘ಬರುತ್ತದೆ’. ಇರುವ ಶಕ್ತಿಗೆ ‘ಬಲ್ಲ’. ಸಂದರ್ಭ ಒದಗುವುದಕ್ಕೆ ‘ಆಗುತ್ತದೆ’. ಆಗದ್ದಕ್ಕೆ ‘ಲಾರೆ’, ಅದರ ಒಳಗಿರುವುದು ‘ಆರ್’ ಎಂಬ ಹಳೆಯ ಧಾತು, ಶಕ್ತನಾಗು ಎಂದೇ ಅದರ ಅರ್ಥ. ಮನಸ್ಸಿಲ್ಲದ್ದಕ್ಕೆ ‘ಒಲ್ಲೆ’. ‘ಬರಲಾರೆ’ ಮತ್ತು ‘ಬರಲೊಲ್ಲೆ’ ಇವೆರಡರ ನಡುವಿನ ಅಂತರವನ್ನು ಹೇಳಲು ಇಂಗ್ಲಿಷ್ ‘ಅನೇಬಲ್’, ‘ಅನ್‌ವಿಲ್ಲಿಂಗ್’ ಎಂಬ ಎರಡು ಬೇರೆ ಗುಣವಾಚಕಗಳನ್ನು ಹುಡುಕಬೇಕು. ನಮಗೆ ಬಾಲ ಬದಲಿಸಿದರೆ ಆಯಿತು.

ಒಂದು ಅರ್ಜಿಯನ್ನು ತಿದ್ದೋಣ

ಮೇಲೆ ಹೇಳಿದ್ದನ್ನೆಲ್ಲ ಒಟ್ಟಿಗೆ ಪರೀಕ್ಷಿಸಲು ನಾನೇ ಕಟ್ಟಿದ ನಾಲ್ಕು ಸಾಲುಗಳು ಇಲ್ಲಿವೆ. ಪೆನ್ಸಿಲ್ ತೆಗೆದುಕೊಂಡು ಮೊದಲು ನೀವೇ ತಿದ್ದಿ.

‘ಐ ಕ್ಯಾನ್ ಏಬಲ್ ಟು ಸ್ಪೀಕ್ ಫೋರ್ ಲ್ಯಾಂಗ್ವೇಜಸ್. ಇನ್ ಮೈ ಲಾಸ್ಟ್ ಜಾಬ್ ಐ ಕುಡ್ ರಿಡ್ಯೂಸ್ ದ ವೇಸ್ಟೇಜ್. ಐ ಆಮ್ ಕೇಪಬಲ್ ಟು ಟ್ರೇನ್ ಜೂನಿಯರ್ಸ್. ಐ ವಿಲ್ ಏಬಲ್ ಟು ಜಾಯಿನ್ ಇನ್ ಫಿಫ್ಟೀನ್ ಡೇಸ್.’

ಮೊದಲ ಸಾಲಿನಲ್ಲಿ ‘ಏಬಲ್ ಟು’ ಹೊಡೆದುಹಾಕಿ. ‘ಐ ಕ್ಯಾನ್ ಸ್ಪೀಕ್’, ಇನ್ನೂ ಚೆನ್ನಾಗಿ ‘ಐ ಸ್ಪೀಕ್’. ಎರಡನೆಯದರಲ್ಲಿ ನೀವು ನಿಜವಾಗಿ ನಷ್ಟ ತಗ್ಗಿಸಿದ್ದೀರಾದರೆ ‘ಐ ರಿಡ್ಯೂಸ್ಡ್’ ಎಂದು ಬರೆದು, ಎಷ್ಟು ತಗ್ಗಿಸಿದಿರಿ ಎಂಬ ಲೆಕ್ಕವನ್ನೂ ಕೊಡಿ. ಮೂರನೆಯದು ‘ಕೇಪಬಲ್ ಆಫ್ ಟ್ರೇನಿಂಗ್’. ನಾಲ್ಕನೆಯದಕ್ಕೆ ‘ಬಿ’ ಸೇರಿಸಿ: ‘ಐ ವಿಲ್ ಬಿ ಏಬಲ್ ಟು ಜಾಯಿನ್.’ ‘ಐ ಕ್ಯಾನ್ ಜಾಯಿನ್’ ಎಂದರೂ ತಪ್ಪಲ್ಲ. ಹದಿನೈದು ದಿನ ಎಂದು ಮುಂದೆಯೇ ಬರೆದಿರುವುದರಿಂದ ಅದು ಮುಂದಿನ ಮಾತೆಂದು ಅವರಿಗೆ ಗೊತ್ತಾಗುತ್ತದೆ.

ತಿದ್ದಿದ ಮೇಲೆ ನಾಲ್ಕು ಸಾಲುಗಳಲ್ಲಿ ‘ಏಬಲ್’ ಉಳಿದದ್ದು ಒಂದೇ ಕಡೆ.